ತಕ್ಕದ್ದು

ಆರು ಸಾವಿರದ ಇನ್ನೂರ ನಲವತ್ತು ಪೌಂಡು.
ಮಂಗಳವಾರ ಬಾಗಿಲ ಸೀಳಿನಿಂದ ಬಿತ್ತು ಕಾಗದ,
ಪಿಜ್ಜಾ ಅಂಗಡಿಯ ಕರಪತ್ರದ ಬೆನ್ನಿಗೆ.
ಹದಿನಾಲ್ಕು ದಿನದೊಳಗೆ ಪಾವತಿಸತಕ್ಕದ್ದು.
ಸಮವಸ್ತ್ರ ಒಗೆದು ಇಸ್ತ್ರಿ ಮಾಡಿ ಹಿಂದಿರುಗಿಸತಕ್ಕದ್ದು.
ಸದರಿ ನೌಕರಳು ಸಂಸ್ಥೆಯ ಗ್ರಾಹಕರನ್ನು
ಆರು ಮೈಲಿ ಸುತ್ತಿನಲ್ಲಿ, ಒಂದು ವರ್ಷ ಕಾಲ,
ಯಾವ ಕಾರಣಕ್ಕೂ ಸಂಪರ್ಕಿಸತಕ್ಕದ್ದಲ್ಲ.

ಸದರಿ ನೌಕರಳು ನಾನು. ಹೆಸರು ನ್ಯಾರಾಡ್ಜೊ.
ನಮ್ಮ ಶೋನಾದಲ್ಲಿ ಅದಕ್ಕೆ ಸಮಾಧಾನವೆಂದರ್ಥ;
ನನಗಿಂತ ಮೊದಲು ಹುಟ್ಟಿದ ಕೂಸು ಉಳಿಯದೆ
ಅವ್ವ ತನಗೇ ಹೇಳಿಕೊಂಡ ಮಾತು
ನನಗೆ ಹೆಸರಾಯಿತು.

ಸಹಿ ಹಾಕಿದ್ದು ಗ್ವೇರುವಿನ ಜೆರಾಕ್ಸ್ ಅಂಗಡಿಯಲ್ಲಿ, ನಿಂತೇ.
ಯಂತ್ರದ ಶಾಯಿ ತೀರುತ್ತ ಬಂದಿತ್ತು:
ಸಂಬಳದ ಪುಟ ಕಪ್ಪಗೆ, ರಜೆಯ ಪುಟ ಬೂದುಬೂದಾಗಿ,
ಹದಿನಾಲ್ಕನೇ ಕಲಮಿನ ಹೊತ್ತಿಗೆ
ಬಿಳಿ ಹಾಳೆಯ ಮೇಲೆ ಇರುವೆ ನಡೆದ ಗುರುತು.
ನನ್ನ ಸಹಿಯೊಂದು ದಟ್ಟವಾಗಿ ಮೂಡಿತು.
ಪೆನ್ನು ನನ್ನದು.

ವಾರಕ್ಕೆ ಮೂವತ್ತೊಂಬತ್ತು ಗಂಟೆ ಎಂದಿದ್ದರು.
ಕೆಲವು ವಾರ ಕೊಟ್ಟದ್ದು ಹನ್ನೊಂದು.
ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ
ಹ್ಯಾಲಿಫ್ಯಾಕ್ಸಿನ ಏರು ಏರಿ ಇಳಿದ ಹೊತ್ತು
ಯಾರ ಲೆಕ್ಕದಲ್ಲೂ ಇಲ್ಲ,
ನನ್ನ ಮೊಣಕಾಲಿನ ಲೆಕ್ಕ ಬಿಟ್ಟರೆ.
ಹಡರ್ಸ್‌ಫೀಲ್ಡಿನ ವೃದ್ಧಾಶ್ರಮವೊಂದು ಕರೆಯಿತು,
ವೀಸಾ ಕಾಗದ ನಾವೇ ನೋಡಿಕೊಳ್ಳುತ್ತೇವೆ ಎಂದಿತು.
ರಾಜೀನಾಮೆ ಬರೆದೆ. ಮೂರೇ ಸಾಲು.
ಕೊನೆಯದು ವಂದನೆಗಳು.

ಆಗ ತೆರೆದರು ಬಾಕಿಯ ಪಟ್ಟಿ.
ತರಬೇತಿಗೆ ಒಂಬೈನೂರು: ಒಂದು ಮಧ್ಯಾಹ್ನ,
ಕೈ ಕಿತ್ತುಹೋದ ರಬ್ಬರು ಬೊಂಬೆಯನ್ನು
ಹಾಸಿಗೆಯಿಂದ ಕುರ್ಚಿಗೆ ಎತ್ತಿ ಕೂರಿಸಿದ್ದೆವು, ಸರದಿಯ ಮೇಲೆ.
ಪ್ರಾಯೋಜಕತ್ವಕ್ಕೆ ಇಷ್ಟು. ಆಡಳಿತಕ್ಕೆ ಇಷ್ಟು.
ಆಡಳಿತವೆಂದರೇನು ಎಂದು ಕೇಳಿದೆ.
ಇದೇ, ಈ ಪತ್ರ ಬರೆಯುವುದು,
ಎಂದ ಮ್ಯಾನೇಜರು, ನಗದೆ.

ಗುರುವಾರ, ಇನ್ನೆರಡೇ ದಿನದ ಕೆಲಸವಿದ್ದಾಗ,
ಬ್ರಿಯರ್ಲಿಯವರ ಗಡ್ಡ ಹೆರೆಯುತ್ತ ಬಾಯಿಬಿಟ್ಟೆ.
ಕಾರ್ಪೆಟ್ ಗಿರಣಿಯಲ್ಲಿ ನಲವತ್ತೊಂದು ವರ್ಷ ನೆಯ್ದವರು.
ಕೊಡು ಇಲ್ಲಿ ಎಂದು ಭೂತಗನ್ನಡಿ ಹಿಡಿದು,
ಅರ್ಧ ಮುಖ ನೊರೆಯಲ್ಲೇ ಇರಲು,
ಎಳೆ ಎಣಿಸುವಂತೆ ಓದಿದರು, ಪದಪದಕ್ಕೂ ನಿಂತು.
ಗ್ರಾಹಕ ಎಂಬಲ್ಲಿ ಬೆರಳು ತಡೆಯಿತು.
‘ಇದು ನಾನೇನು?’
ನೀವೇ, ಎಂದೆ.
‘ನನ್ನನ್ನು ಇವರಿಗೆ ಬರೆದುಕೊಟ್ಟವರು ಯಾರು?
ನಾನೆಲ್ಲೂ ಸಹಿ ಹಾಕಿಲ್ಲವಲ್ಲ.’
ಬ್ಲೇಡು ನೀರಲ್ಲದ್ದಿ ಉಳಿದರ್ಧ ಮುಗಿಸಿದೆ.
ಗದ್ದದ ಕುಳಿಯಲ್ಲಿ ಚರ್ಮ ಎಳೆದು ಹಿಡಿಯಬೇಕು,
ಇಲ್ಲವಾದರೆ ರಕ್ತ.
ಇದನ್ನು ಯಾವ ಬೊಂಬೆಯೂ ಕಲಿಸಲಿಲ್ಲ.

ಗ್ರಂಥಾಲಯದ ಮಹಡಿಯಲ್ಲಿ ಪುಕ್ಕಟೆ ಸಲಹೆ ಕೊಡುವ ಹುಡುಗಿ
ಮೂರು ಬಾಬ್ತಿಗೆ ಹಸಿರು ಗೆರೆ ಎಳೆದಳು: ಇವನ್ನು ಕೇಳುವಂತಿಲ್ಲ.
ಉಳಿದವಕ್ಕೆ ಪ್ರಶ್ನಾರ್ಥಕ ಚಿಹ್ನೆ.
ಕೋರ್ಟಿಗೆ ಹೋದರೂ ಹೋದಾರು,
ಬರೀ ಗುಮ್ಮ ತೋರಿಸುತ್ತಿದ್ದರೂ ಇರಬಹುದು;
ವೀಸಾದ ಅರವತ್ತು ದಿನ ಮಾತ್ರ
ಯಾರಿಗೂ ಕಾಯುವುದಿಲ್ಲ, ಎಂದಳು.
ಇಬ್ಬರೂ ಕೂತು ಉತ್ತರ ಬರೆದೆವು.
ನಡೆದ ಹೊತ್ತಿಗೂ ಕೂಲಿ ಕೊಡತಕ್ಕದ್ದು.
ಕೊಡದ ಗಂಟೆಗಳ ಲೆಕ್ಕ ಒಪ್ಪಿಸತಕ್ಕದ್ದು.
ಬರೆಯುತ್ತ ಬರೆಯುತ್ತ ಆ ಪದದ ರುಚಿ ಹತ್ತಿತು.
ಯಾರಿಗೆ ಎಷ್ಟು ತಕ್ಕದ್ದು ಎಂದು ಅವ್ವನಿಗೂ ಗೊತ್ತಿತ್ತು,
ಏಳು ತಟ್ಟೆಗೆ ಸಾಡ್ಜಾ ಬಡಿಸುವಾಗ.
ಅವಳು ಸೌಟಿನಲ್ಲಿ ಬರೆಯುತ್ತಿದ್ದಳು, ಅಷ್ಟೆ.

ಶನಿವಾರ ರಾತ್ರಿ
ಸಮವಸ್ತ್ರ ನೆನೆಹಾಕುವ ಮೊದಲು ಜೇಬು ತಡವಿದರೆ
ಕಡಲೆಬೇಳೆಯಷ್ಟು ಒಂದು ಬ್ಯಾಟರಿ,
ಬ್ರಿಯರ್ಲಿಯವರ ಕಿವಿಯಂತ್ರದ್ದು. ಹೊಸದು.
ಹಾಕಬೇಕೆಂದು ಇಟ್ಟುಕೊಂಡು ಮರೆತದ್ದು.
ಈ ಹೊತ್ತು ಅವರ ಕೋಣೆಯಲ್ಲಿ ಟೀವಿ ಕೂಗುತ್ತಿರಬೇಕು,
ಗೋಡೆಗಳಿಗೆ.
ಇಲ್ಲಿಂದ ಎರಡು ಮೈಲಿ.
ಕರಾರನ್ನು ದೀಪಕ್ಕೆ ಹಿಡಿದು
ಮತ್ತೊಮ್ಮೆ ಕೊನೆಯವರೆಗೆ ಓದಿದೆ.
ಬ್ಯಾಟರಿಯ ಮಾತು ಎಲ್ಲೂ ಇಲ್ಲ.